ಸ್ಪೋರ್ಟ್ಸ್ ಕಾರಿನ ಟ್ರ್ಯಾಕ್ ಟೈರ್ ಹೆಚ್ಚು ಬಾಳಬೇಕೇ? ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಟೈರ್ ಬಗ್ಗೆ ಸಲಹೆಗೆ ಬರವಿಲ್ಲ. ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಕೈಸೇರಿದ ಮೇಲೂ ಹಳಬರ ಬಾಯಲ್ಲಿ ಅದು ವಿಕ್ರಾಂತ್ ಆಗಿಯೇ ಉಳಿದಿದೆ. ಅಲ್ಲಿ ದುಡಿದ ಒಬ್ಬ ಚಿಕ್ಕಪ್ಪನೋ ಭಾವನೋ ಎಷ್ಟೋ ಮನೆಗಳಲ್ಲಿದ್ದಾರೆ, ಟೈರ್ ಎಂದೊಡನೆ ಮಾತಿಗೆ ಕೂರುತ್ತಾರೆ. ಆದರೆ ಲಾರಿ, ಬಸ್ಸಿನ ಟೈರ್ ಬಲ್ಲವರ ಮಾತು ಟ್ರ್ಯಾಕ್ ಟೈರಿಗೆ ಅನೇಕ ಸಲ ಹೊಂದುವುದಿಲ್ಲ. ಲಾರಿ ಟೈರ್ ಕಿಲೋಮೀಟರಿನ ಲೆಕ್ಕದಲ್ಲಿ ಸವೆಯುತ್ತದೆ. ಟ್ರ್ಯಾಕ್ ಟೈರ್ ಸವೆಯುವುದು ಶಾಖದ ಲೆಕ್ಕದಲ್ಲಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಹುಟ್ಟಿದವು.

ನಮ್ಮೂರಿನಲ್ಲಿ ಟ್ರ್ಯಾಕೇ ಇಲ್ಲವಲ್ಲ, ಎಲ್ಲಿಗೆ ಹೋಗುವುದು?

ಹತ್ತಿರದ್ದು ಕೊಯಮತ್ತೂರು. ರೇಸಿಂಗ್ ಚಾಲಕ ಎಸ್. ಕರಿವರ್ಧನ್ ಅವರ ಹೆಸರು ಹೊತ್ತ ಕರಿ ಮೋಟಾರ್ ಸ್ಪೀಡ್‌ವೇ ಅಲ್ಲಿನ ಚೆಟ್ಟಿಪಾಳ್ಯಂನಲ್ಲಿದೆ. ಸುತ್ತಿನ ಉದ್ದ ಸುಮಾರು 2.1 ಕಿ.ಮೀ.; ತಿರುವುಗಳು ಒತ್ತೊತ್ತಾಗಿರುವುದರಿಂದ ಟೈರಿಗೆ ಉಸಿರಾಡಲು ಬಿಡುವು ಕಡಿಮೆ. ಎರಡನೆಯದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಸುಮಾರು 3.7 ಕಿ.ಮೀ. ಉದ್ದದ ಇಲ್ಲಿ ವೇಗ ಹೆಚ್ಚು, ಸೆಕೆಯೂ ಹೆಚ್ಚು.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮುಂಜಾನೆ ಅಭ್ಯಾಸ ಮಾಡಬಹುದೇ ಎಂದೂ ಕೇಳುತ್ತಾರೆ. ಬೇಡ. ಅಲ್ಲಿ ವಾಯುವಿಹಾರಕ್ಕೆ ಬರುವವರಿದ್ದಾರೆ, ಸೈಕಲ್ ತುಳಿಯುವವರಿದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬಗ್ಗೆಯೂ ಇದೇ ಉತ್ತರ.

ಯಾವುದನ್ನು ಟ್ರ್ಯಾಕ್ ಟೈರ್ ಎನ್ನುತ್ತೀರಿ?

ಗೀರುಗಳೇ ಇಲ್ಲದ ಸ್ಲಿಕ್ ಟೈರ್ ರೇಸಿಗೆ ಮಾತ್ರ, ರಸ್ತೆಗೆ ಇಳಿಸುವಂತಿಲ್ಲ. ಇಲ್ಲಿ ಹೇಳುತ್ತಿರುವುದು ರಸ್ತೆಯಲ್ಲೂ ಓಡಿಸಬಹುದಾದ, ಮೆದು ರಬ್ಬರಿನ ಟೈರುಗಳ ಬಗ್ಗೆ: ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಜಾತಿಯವು, ಮತ್ತು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪೈಲಟ್ ಸ್ಪೋರ್ಟ್, ಬ್ರಿಡ್ಜ್‌ಸ್ಟೋನ್ ಪೊಟೆಂಜಾ, ಯೊಕೊಹಾಮಾ ಅಡ್ವಾನ್ ಮಾದರಿಗಳು.

ಕೆಲವು ಟೈರುಗಳ ಪಕ್ಕದಲ್ಲಿ ‘ಟ್ರೆಡ್‌ವೇರ್’ ಎಂಬ ಅಂಕಿ ಅಚ್ಚಾಗಿರುತ್ತದೆ. ಇದು ಅಮೆರಿಕದ ನಿಯಮದಿಂದ ಬಂದದ್ದು. ಮಾನದಂಡದ ಟೈರಿಗೆ 100 ಎಂದಿಟ್ಟರೆ 200 ಇರುವುದು ಪರೀಕ್ಷೆಯಲ್ಲಿ ಅದರ ಎರಡರಷ್ಟು ಬಾಳಿತು ಎಂದರ್ಥ. ಈ ಅಂಕಿ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಮಾದರಿಗಳನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ನಂಬಬೇಡಿ. ಪರೀಕ್ಷೆಯೂ ನಡೆಯುವುದು ರಸ್ತೆಯಲ್ಲಿ, ಟ್ರ್ಯಾಕಿನಲ್ಲಿ ಅಲ್ಲ.

ರಸ್ತೆಯಲ್ಲಿ ವರ್ಷಗಟ್ಟಲೆ ಬರುವ ಟೈರ್ ಟ್ರ್ಯಾಕಿನಲ್ಲಿ ಒಂದೇ ದಿನಕ್ಕೆ ಮುಗಿಯುವುದೇಕೆ?

ಟೈರ್ ತಿರುವಿನಲ್ಲಿ ಹಿಡಿತ ಕೊಡುವುದು ಸ್ವಲ್ಪ ಜಾರುತ್ತಲೇ. ಚಕ್ರ ಮುಖ ಮಾಡಿದ ದಿಕ್ಕಿಗೂ ಕಾರು ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಇರುತ್ತದೆ. ಈ ಕೋನ ಕೆಲವು ಡಿಗ್ರಿ ಇದ್ದಾಗ ಹಿಡಿತ ತುತ್ತತುದಿಯಲ್ಲಿರುತ್ತದೆ. ಅದನ್ನು ದಾಟಿದರೆ ಹಿಡಿತ ಹೆಚ್ಚುವುದಿಲ್ಲ, ಉಜ್ಜುವಿಕೆ ಮಾತ್ರ ಹೆಚ್ಚುತ್ತದೆ. ಉಜ್ಜಿದ್ದೆಲ್ಲ ಶಾಖವಾಗುತ್ತದೆ, ಶಾಖಕ್ಕೆ ರಬ್ಬರ್ ಮೆದುವಾಗುತ್ತದೆ, ಮೆದುವಾದ ರಬ್ಬರ್ ಇನ್ನೂ ಬೇಗ ಉದುರುತ್ತದೆ.

ಅದರ ಜೊತೆಗೆ ಟೈರಿನ ಆಕಾರದ ಸಮಸ್ಯೆ. ಕಾರು ತಿರುವಿನಲ್ಲಿ ಹೊರಗಡೆಗೆ ವಾಲಿದಾಗ ಹೊರಗಿನ ಎರಡು ಚಕ್ರಗಳ ಹೊರ ಅಂಚಿನ ಮೇಲೆ ಭಾರವೆಲ್ಲ ಬೀಳುತ್ತದೆ. ಅಗಲ 245 ಮಿ.ಮೀ. ಎಂದು ಹಣ ಕೊಟ್ಟು ತಂದ ಟೈರಿನಲ್ಲಿ ದುಡಿಯುತ್ತಿರುವುದು ಒಂದು ಪಟ್ಟಿ ಮಾತ್ರ. ಟ್ರ್ಯಾಕ್ ದಿನ (ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನ) ಮುಗಿದಾಗ ನಡುಭಾಗದಲ್ಲಿ ಐದು ಮಿ.ಮೀ. ಗೀರು ಉಳಿದಿದ್ದರೂ ಹೊರ ಅಂಚು ಬೋಳಾಗಿರುತ್ತದೆ. ಟೈರ್ ಸತ್ತದ್ದು ಅಂಚಿನಿಂದ. ಆ ಅಂಚನ್ನು ಉಳಿಸುವುದೇ ಮುಂದಿನ ಎಲ್ಲ ಉಪಾಯಗಳ ಗುರಿ.

ಗಡಿಯಾರದ ದಿಕ್ಕಿನಲ್ಲಿ ಓಡಿಸುವ ಟ್ರ್ಯಾಕಿನಲ್ಲಿ ಬಲ ತಿರುವುಗಳು ಹೆಚ್ಚು, ಆದ್ದರಿಂದ ಎಡಗಡೆಯ ಟೈರುಗಳು ಮೊದಲು ಸವೆಯುತ್ತವೆ. ಮುಂಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಪೋಲೊ, ಮಿನಿಯಂಥ ಕಾರುಗಳಲ್ಲಿ ಮುಂದಿನ ಎಡ ಟೈರಿನ ಪಾಡು ಕೇಳಬೇಡಿ.

ಗಾಳಿ ಎಷ್ಟು ಹಾಕಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಕಡಿಮೆ ಖರ್ಚಿನ ಉಪಾಯವೂ ಇದೇ. ಬಾಗಿಲ ಕಂಬದ ಚೀಟಿಯಲ್ಲಿರುವ ಒತ್ತಡ ರಸ್ತೆಗಾಗಿ, ಅದೂ ಟೈರ್ ತಣ್ಣಗಿರುವಾಗ. ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಟೈರ್ ಪೂರ್ತಿ ಬಿಸಿಯಾದಾಗಿನ ಒತ್ತಡ. ಟೈರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಕೆಲವು ಬಿರುಸಿನ ಸುತ್ತು ಮುಗಿಯುವಷ್ಟರಲ್ಲಿ 6ರಿಂದ 10 ಪಿಎಸ್‌ಐ ಏರಿಕೆ ಸಾಮಾನ್ಯ. ಬೆಳಿಗ್ಗೆ 33 ಹಾಕಿಕೊಂಡು ಇಳಿದವರ ಟೈರಿನಲ್ಲಿ ಹತ್ತು ಗಂಟೆಗೆ 42 ಇರುತ್ತದೆ. ನಡುಭಾಗ ಉಬ್ಬಿ, ನೆಲಕ್ಕೆ ತಾಗುವ ಜಾಗ ಕಿರಿದಾಗಿ, ಕಾರು ಎಣ್ಣೆ ಸುರಿದ ನೆಲದ ಮೇಲಿದ್ದಂತೆ ಜಾರತೊಡಗುತ್ತದೆ. ಚಾಲಕ ಇನ್ನಷ್ಟು ಸ್ಟೀರಿಂಗ್ ತಿರುಗಿಸುತ್ತಾನೆ, ಟೈರ್ ಇನ್ನಷ್ಟು ಬಿಸಿಯಾಗುತ್ತದೆ.

ರಸ್ತೆ ಮೂಲದ ಟೈರುಗಳು ಬಿಸಿಯಲ್ಲಿ 32ರಿಂದ 38ರ ನಡುವೆ ಎಲ್ಲೋ ಚೆನ್ನಾಗಿ ಕೆಲಸ ಮಾಡುತ್ತವೆ. ನಿಮ್ಮ ಟೈರ್ ಕಂಪನಿ ಟ್ರ್ಯಾಕಿಗೆಂದು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಮಾಡಬೇಕಾದ್ದು ಇಷ್ಟು: ತಣ್ಣಗಿರುವಾಗ ಗುರಿಗಿಂತ ಆರೇಳು ಪಿಎಸ್‌ಐ ಕಡಿಮೆ ಇಟ್ಟು ಹೊರಡಿ, ಮೊದಲ ಸುತ್ತು ನಿಧಾನವಾಗಿ ಹೋಗಿ, ಮೂರ್ನಾಲ್ಕು ಸುತ್ತಿನ ಬಳಿಕ ಪಿಟ್‌ಗೆ (ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಜಾಗ) ಬಂದ ಕೂಡಲೇ ಅಳೆದು ಹೆಚ್ಚಿದ್ದನ್ನು ಬಿಡಿ. ಕೂಡಲೇ ಎಂದರೆ ಹೆಲ್ಮೆಟ್ ತೆಗೆಯುವ ಮೊದಲು. ಹತ್ತು ನಿಮಿಷ ಹರಟೆ ಹೊಡೆದು ಅಳೆದರೆ ಆ ಅಂಕಿಗೆ ಅರ್ಥವಿಲ್ಲ. ನಾಲ್ಕೂ ಚಕ್ರದಲ್ಲಿ ಒಂದೇ ಏರಿಕೆ ಇರುವುದಿಲ್ಲ. ಹೆಚ್ಚು ದುಡಿದದ್ದು ಹೆಚ್ಚು ಏರಿರುತ್ತದೆ, ಅದರಿಂದ ಹೆಚ್ಚು ಬಿಡಬೇಕು.

ಗೇಜ್ ನಿಮ್ಮದೇ ಆಗಿರಲಿ, ಪ್ರತಿ ಸಲವೂ ಅದೇ ಆಗಿರಲಿ. ಪೆಟ್ರೋಲ್ ಬಂಕಿನ ಗೇಜ್ ಒಂದೊಂದು ಕಡೆ ಒಂದೊಂದು ಹೇಳುತ್ತದೆ.

ಒತ್ತಡವನ್ನು ತೀರಾ ಇಳಿಸುವುದೂ ತಪ್ಪು. ಆಗ ಟೈರಿನ ಪಕ್ಕದ ಗೋಡೆ ಮಡಚಿಕೊಂಡು ಕಾರಿನ ಭಾರ ಟೈರಿನ ಅಂಚು ದಾಟಿ ಗೋಡೆಯ ಮೇಲೆ ಬೀಳುತ್ತದೆ. ಇದನ್ನು ತಿಳಿಯಲು ಸೀಮೆಸುಣ್ಣ ಸಾಕು. ಟೈರಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಗೆರೆ ಎಳೆದು ಕೆಲವು ಸುತ್ತು ಹೋಗಿ ಬನ್ನಿ. ಅನೇಕ ಟೈರುಗಳ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅಲ್ಲಿಯವರೆಗೆ ಮಾತ್ರ ಅಳಿಸಿದ್ದರೆ ಸರಿ; ಅದನ್ನು ದಾಟಿ ಕೆಳಗೂ ಅಳಿಸಿದ್ದರೆ ಒಂದೆರಡು ಪಿಎಸ್‌ಐ ಹೆಚ್ಚಿಸಿ.

ಮೈಸೂರಿನಲ್ಲಿ ಹಾಕಿದ ಗಾಳಿ ಚೆನ್ನೈನಲ್ಲಿ ಕಡಿಮೆ ತೋರಿಸಿತು. ಸೋರಿಕೆಯೇ?

ಇರಲಿಕ್ಕಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗೇಜ್ ತೋರಿಸುವುದು ಟೈರಿನೊಳಗಿನ ಒತ್ತಡಕ್ಕೂ ಹೊರಗಿನ ಹವೆಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಕಡಲ ಮಟ್ಟಕ್ಕೆ ಇಳಿದಾಗ ಹೊರಗಿನ ಒತ್ತಡ ಹೆಚ್ಚುತ್ತದೆ, ಅದೇ ತಾಪಮಾನದಲ್ಲಿ ಗೇಜ್ ಸುಮಾರು 1.3 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಸುಮಾರು 410 ಮೀಟರ್ ಎತ್ತರದ ಕೊಯಮತ್ತೂರಿಗೆ ಈ ವ್ಯತ್ಯಾಸ ಅರ್ಧ ಪಿಎಸ್‌ಐ ಆಸುಪಾಸು. ಚೆನ್ನೈನ ಮಧ್ಯಾಹ್ನದ ಬಿಸಿಲು ಇದನ್ನು ತುಂಬಿ ಮೇಲೂ ಏರಿಸುತ್ತದೆ, ಅದು ಬೇರೆ ಮಾತು. ಮನೆಯಲ್ಲಿ ಅಳೆದದ್ದನ್ನು ನೆಚ್ಚದೆ ಟ್ರ್ಯಾಕಿನ ನೆರಳಿನಲ್ಲಿ ಬೆಳಿಗ್ಗೆ ಮತ್ತೆ ಅಳೆಯಿರಿ.

ನೈಟ್ರೋಜನ್ ಹಾಕಿಸಿದರೆ ಒತ್ತಡ ಏರುವುದಿಲ್ಲವಂತೆ?

ಏರುತ್ತದೆ. ಸಾಮಾನ್ಯ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಬದಲಾಗುವುದು ತೇವಾಂಶ: ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಂತಿದ್ದರೆ ಆ ತೇವ ಟೈರಿನೊಳಗೆ ಹೋಗಿ, ಬಿಸಿಯಾದಾಗ ಒತ್ತಡದ ಏರಿಕೆಯನ್ನು ಊಹೆಗೆ ಸಿಗದಂತೆ ಮಾಡುತ್ತದೆ. ನೈಟ್ರೋಜನ್ ಒಣಗಿರುತ್ತದೆ, ಅಷ್ಟೇ ಅದರ ಹೆಚ್ಚುಗಾರಿಕೆ. ಬಿಟ್ಟಿ ಸಿಕ್ಕರೆ ಹಾಕಿಸಿ.

ಅಲೈನ್‌ಮೆಂಟ್ ಮಾಡಿಸಿದ್ದೇನೆ, ಪರದೆಯಲ್ಲಿ ಎಲ್ಲ ಹಸಿರು ತೋರಿಸಿತು. ಆದರೂ ಹೊರ ಅಂಚು ಏಕೆ ಹೋಯಿತು?

ಆ ಹಸಿರು ಬಣ್ಣ ಕಾರು ತಯಾರಕರು ರಸ್ತೆಗೆಂದು ಕೊಟ್ಟ ಅಳತೆಗೆ ಸೇರಿದ್ದು. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ರಸ್ತೆಯ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸು. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಈ ಒಂದು ಡಿಗ್ರಿ ಎಲ್ಲಿಗೂ ಸಾಲದೆ ಚಕ್ರ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮುಂಭಾಗದಲ್ಲಿ ಎರಡೂವರೆಯಿಂದ ಮೂರು ಡಿಗ್ರಿ ನೆಗೆಟಿವ್ ಕ್ಯಾಂಬರ್ ಕೊಟ್ಟರೆ ತಿರುವಿನ ನಡುವೆ ಟೈರ್ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ಕೂರುತ್ತದೆ. ಟ್ರ್ಯಾಕಿಗೆ ಹೋಗುವವರು ಹೊಸ ಎಕ್ಸಾಸ್ಟ್‌ಗೆ ಇಟ್ಟ ಹಣವನ್ನು ಮೊದಲು ಇಲ್ಲಿ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಕ್ಸಾಸ್ಟ್ ಸದ್ದು ಮಾಡುತ್ತದೆ, ಕ್ಯಾಂಬರ್ ಟೈರ್ ಉಳಿಸುತ್ತದೆ.

ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತಿರುವ ಸಸ್ಪೆನ್ಶನ್) ಇರುವ ಕಾರುಗಳಲ್ಲಿ ಕಂಪನಿ ಕೊಟ್ಟ ಬೋಲ್ಟ್‌ಗಳಿಂದ ಇಷ್ಟು ಸಿಗುವುದಿಲ್ಲ. ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಯಷ್ಟು ಹೆಚ್ಚು ಸಿಗಬಹುದು. ಸ್ಟ್ರಟ್‌ನ ತಲೆಗೆ ಕ್ಯಾಂಬರ್ ಪ್ಲೇಟ್ ಹಾಕಿದರೆ ಇನ್ನೂ ಹೆಚ್ಚು. ಅಂಗಡಿಯವರಿಗೆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡಿ, ಪರದೆ ಕೆಂಪಾದರೂ ಪರವಾಗಿಲ್ಲ ಎಂದು ಮೊದಲೇ ಹೇಳಿ. ಇಲ್ಲವಾದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮತ್ತೆ ಹಸಿರಿಗೆ ತಂದಿಡುತ್ತಾರೆ.

ಕ್ಯಾಂಬರ್ ಹೆಚ್ಚಿಸಿದರೆ ರಸ್ತೆಯಲ್ಲಿ ಒಳ ಅಂಚು ಸವೆಯುತ್ತದೆ ಎಂಬ ಹೆದರಿಕೆಯಲ್ಲಿ ಅರ್ಧ ನಿಜವಿದೆ. ಒಳ ಅಂಚನ್ನು ನಿಜಕ್ಕೂ ತಿನ್ನುವುದು ಕ್ಯಾಂಬರ್ ಜೊತೆ ಸೇರಿಕೊಂಡ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಎರಡೂ ಚಕ್ರಗಳ ಮೂತಿ ಹೊರಕ್ಕೆ ತಿರುಗಿದ್ದರೆ ಪ್ರತಿ ಕಿಲೋಮೀಟರಿಗೂ ಟೈರ್ ಅಡ್ಡಡ್ಡವಾಗಿ ಉಜ್ಜಿಕೊಂಡೇ ಸಾಗುತ್ತದೆ. ಕ್ಯಾಂಬರ್ ಬದಲಾಯಿಸಿದರೆ ಟೋ ತಾನಾಗಿ ಬದಲಾಗುತ್ತದೆ, ಆದ್ದರಿಂದ ಅದನ್ನು ಮತ್ತೆ ಸೊನ್ನೆಯ ಹತ್ತಿರಕ್ಕೆ ತರಿಸಲೇಬೇಕು.

ತಾಪ ಅಳೆಯುವ ಉಪಕರಣ ಬೇಕೇ?

ಇದ್ದರೆ ಒಳ್ಳೆಯದು. ಸೂಜಿಯನ್ನು ರಬ್ಬರಿನೊಳಗೆ ಚುಚ್ಚಿ ಅಳೆಯುವಂಥದ್ದನ್ನು ಕೊಳ್ಳಿ. ದೂರದಿಂದ ತೋರಿಸಿ ಅಳೆಯುವ ಇನ್‌ಫ್ರಾರೆಡ್ ಉಪಕರಣ ಮೇಲ್ಮೈಯನ್ನಷ್ಟೇ ಹೇಳುತ್ತದೆ, ಮೇಲ್ಮೈ ಪಿಟ್‌ಗೆ ಬರುವಷ್ಟರಲ್ಲಿ ಆರಿರುತ್ತದೆ. ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ ಅಳೆಯಿರಿ. ಒಳ ಅಂಚು ಹೊರ ಅಂಚಿಗಿಂತ ತುಸು ಬಿಸಿ ಇದ್ದರೆ ಕ್ಯಾಂಬರ್ ಸರಿ ಇದೆ. ಹೊರ ಅಂಚು ಹೆಚ್ಚು ಬಿಸಿ ಇದ್ದರೆ ಕ್ಯಾಂಬರ್ ಸಾಲದು. ನಡು ಎರಡಕ್ಕಿಂತಲೂ ಬಿಸಿ ಇದ್ದರೆ ಗಾಳಿ ಹೆಚ್ಚಾಗಿದೆ, ತಣ್ಣಗಿದ್ದರೆ ಕಡಿಮೆಯಾಗಿದೆ.

ಓಡಿಸುವ ರೀತಿಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ?

ಮೇಲಿನದೆಲ್ಲ ಸರಿ ಮಾಡಿಕೊಂಡೂ ಒಬ್ಬರ ಟೈರ್ ಇನ್ನೊಬ್ಬರ ಅರ್ಧದಷ್ಟೇ ಬಾಳುವುದನ್ನು ಒಂದೇ ಪಿಟ್‌ನಲ್ಲಿ ನೋಡಬಹುದು. ಅರ್ಧ ಬಾಳಿಸಿದವರೇ ವೇಗವಾಗಿ ಹೋದವರು ಎಂದೇನೂ ಇಲ್ಲ.

ಟೈರ್ ಕೊಲ್ಲುವ ಮೊದಲ ಅಭ್ಯಾಸ: ತಿರುವಿಗೆ ತೀರಾ ವೇಗವಾಗಿ ನುಗ್ಗಿ, ಕಾರು ತಿರುಗದಿದ್ದಾಗ ಸ್ಟೀರಿಂಗ್ ಇನ್ನಷ್ಟು ತಿರುಗಿಸುವುದು. ಮುಂದಿನ ಟೈರ್ ಆಗಲೇ ಹಿಡಿತದ ತುದಿ ದಾಟಿರುತ್ತದೆ. ಇನ್ನೂ ತಿರುಗಿಸಿದಷ್ಟು ಅದು ರಂದದಂತೆ ತನ್ನನ್ನೇ ಹೆರೆದುಕೊಳ್ಳುತ್ತದೆ. ಸ್ಟೀರಿಂಗ್ ತುಸು ನೇರಕ್ಕೆ ತಂದು, ವೇಗ ಇಳಿಯಲು ಬಿಡಿ. ಕಾರು ತಾನೇ ತಿರುಗುತ್ತದೆ. ನೇರ ರಸ್ತೆಯಲ್ಲೇ ಬಹುಪಾಲು ಬ್ರೇಕ್ ಮುಗಿಸಿ, ತಿರುವಿಗೆ ಇಳಿಯುವಾಗ ಪೆಡಲನ್ನು ಮೆಲ್ಲನೆ ಬಿಡುತ್ತ ಹೋದರೆ ಮುಂದಿನ ಟೈರಿಗೆ ಎರಡು ಕೆಲಸ ಒಟ್ಟಿಗೆ ಬೀಳುವುದಿಲ್ಲ.

ಎರಡನೆಯದು, ಹೊರಬರುವಾಗ ಆಕ್ಸಿಲರೇಟರ್ ಮೇಲೆ ಎದ್ದು ನಿಲ್ಲುವುದು. ಹಿಂಚಕ್ರಕ್ಕೆ ಶಕ್ತಿ ಹೋಗುವ ಮಸ್ಟಾಂಗ್‌ನಂಥ ಕಾರಿನಲ್ಲಿ ಸ್ಟೀರಿಂಗ್ ನೇರವಾಗುತ್ತ ಬಂದಂತೆ ಪೆಡಲ್ ಒತ್ತಬೇಕು. ಹೊಗೆ ಎಬ್ಬಿಸಿ ಹಿಂದಿನ ಟೈರಿನ ಆಯುಷ್ಯವನ್ನು ಮೊಬೈಲ್ ವಿಡಿಯೊಗೆ ಅರ್ಪಿಸುವವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಕಿವಿ ತೆರೆದಿಡಿ. ಹಿಡಿತದ ತುದಿಯ ಹತ್ತಿರ ಬಂದಾಗ ಟೈರ್ ಸಣ್ಣಗೆ ಮುಲುಗುತ್ತದೆ, ಅದು ಸರಿ. ಚೀರತೊಡಗಿದರೆ ಅತಿಯಾಯಿತು.

ಇಪ್ಪತ್ತು ನಿಮಿಷದ ಸರದಿ ಸಿಕ್ಕಿದೆ ಎಂದು ಇಪ್ಪತ್ತು ನಿಮಿಷವೂ ಬಿರುಸಾಗಿ ಓಡಿಸಬೇಕಿಲ್ಲ. ಮೂರ್ನಾಲ್ಕು ವೇಗದ ಸುತ್ತು, ಒಂದು ನಿಧಾನದ ಸುತ್ತು, ಮತ್ತೆ ವೇಗ. ಕಾರು ಜಾರುತ್ತಿದೆ ಅನ್ನಿಸಿದ ಮೇಲೂ ಹಟ ಹಿಡಿದು ಓಡಿಸುವ ಕೊನೆಯ ಐದು ನಿಮಿಷದಲ್ಲಿ ಟೈರ್ ಸವೆದಷ್ಟು ಇಡೀ ಬೆಳಿಗ್ಗೆ ಸವೆದಿರುವುದಿಲ್ಲ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟಿಯೂ ಮುಟ್ಟದಂತೆ ಮುಗಿಸಿ. ಬ್ರೇಕ್ ಡಿಸ್ಕಿನ ಶಾಖ ರಿಮ್ ಮೂಲಕ ಟೈರಿಗೇ ಬರುತ್ತದೆ.

ಹೊಸ ಟೈರನ್ನು ನೇರ ಟ್ರ್ಯಾಕಿಗೆ ಇಳಿಸಬಹುದೇ?

ಮೆದು ಟೈರುಗಳಿಗೆ ಮೊದಲ ಬಿಸಿ ಮುಖ್ಯ. ಮೊದಲ ಸಲ ನಿಧಾನವಾಗಿ ವೇಗ ಏರಿಸುತ್ತ ಪೂರ್ತಿ ಬಿಸಿ ಮಾಡಿ, ಬಳಿಕ ಒಂದು ದಿನ ಮುಟ್ಟದೆ ಬಿಟ್ಟರೆ ರಬ್ಬರಿನ ಒಳರಚನೆ ಬಿಗಿದುಕೊಂಡು ಮುಂದೆ ಹೆಚ್ಚು ಸರದಿಗಳನ್ನು ತಾಳುತ್ತದೆ. ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ರಬ್ಬರ್ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತ ಹೋಗುತ್ತದೆ. ಗೀರು ಇನ್ನೂ ಇದ್ದರೂ ಹಿಡಿತ ಹೋಗುವುದು ಇದರಿಂದ.

ಸಾಮಾನ್ಯ ರಸ್ತೆ ಟೈರಿಗೆ ಇನ್ನೊಂದು ಜಿಪುಣ ಉಪಾಯವಿದೆ. ಹೊಸದರಲ್ಲಿ ಗೀರು ಆಳ, ರಬ್ಬರಿನ ಗಡ್ಡೆಗಳು ಎತ್ತರ. ಟ್ರ್ಯಾಕಿನಲ್ಲಿ ಅವು ಓಲಾಡಿ ಬೇಗ ಕಾದು ಚೂರುಚೂರಾಗಿ ಕಿತ್ತುಬರುತ್ತವೆ. ಅರ್ಧ ಸವೆದ ಟೈರಿನಲ್ಲಿ ಈ ಓಲಾಟ ಕಡಿಮೆ. ಆದ್ದರಿಂದ ಮೊದಲರ್ಧ ಆಯುಷ್ಯವನ್ನು ರಸ್ತೆಯಲ್ಲಿ, ಉಳಿದರ್ಧವನ್ನು ಟ್ರ್ಯಾಕಿನಲ್ಲಿ ಕಳೆಯುವುದು ಲಾಭ. ಮಳೆ ಇಲ್ಲದ ದಿನಕ್ಕೆ ಮಾತ್ರ ಈ ಮಾತು.

ಟೈರ್ ಅದಲುಬದಲು ಮಾಡಿದರೆ ಉಪಯೋಗ ಇದೆಯೇ?

ಬಹಳ ಇದೆ, ಟ್ರ್ಯಾಕ್ ದಿನದ ಮಧ್ಯಾಹ್ನವೇ ಮಾಡಿದರೆ ಇನ್ನೂ ಹೆಚ್ಚು. ನಾಲ್ಕೂ ಒಂದೇ ಅಳತೆಯಾಗಿದ್ದರೆ ಮುಂದಿನದನ್ನು ಹಿಂದಕ್ಕೆ, ಎಡದ್ದನ್ನು ಬಲಕ್ಕೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಹಾಗೇ ಎಡ–ಬಲ ಬದಲಿಸುವಂತಿಲ್ಲ. ಅದನ್ನು ರಿಮ್‌ನಿಂದ ಬಿಚ್ಚಿಸಿ, ಮಗುಚಿ ಹಾಕಿಸಿ, ಬಳಿಕ ಎದುರು ಬದಿಗೆ ಜೋಡಿಸಬೇಕು. ಆಗ ಬಾಣದ ದಿಕ್ಕೂ ಉಳಿಯುತ್ತದೆ, ಸವೆದ ಹೊರ ಅಂಚು ಒಳಗಡೆಗೆ ಹೋಗಿ ಹೊಸದರಂತಿರುವ ಒಳ ಅಂಚು ಹೊರಗೆ ಬರುತ್ತದೆ. ಒಳಗೆ–ಹೊರಗೆ ಎಂದು ಬರೆದಿರುವ ಟೈರುಗಳನ್ನು ಮಾತ್ರ ಹೀಗೆ ಮಗುಚಬೇಡಿ. ಮುಂದೆ–ಹಿಂದೆ ಅಗಲ ಬೇರೆ ಇರುವ ಕಾರುಗಳಿಗೆ ಈ ಆಯ್ಕೆಗಳು ಕಡಿಮೆ. ಅವರು ಕ್ಯಾಂಬರನ್ನೇ ನಂಬಬೇಕು.

ಅದೇ ಟೈರಿನಲ್ಲಿ ಕೊಯಮತ್ತೂರಿಗೆ ಹೋಗಿ ಬರಬಹುದೇ?

ಬರಬಹುದು, ಆದರೆ ಇನ್ನೊಂದು ಜೊತೆ ರಿಮ್ ಇದ್ದರೆ ಟ್ರ್ಯಾಕ್ ಟೈರನ್ನು ಬೇರೆ ವಾಹನದಲ್ಲಿ ಸಾಗಿಸುವುದು ಉತ್ತಮ. ಚಾಮರಾಜನಗರ, ದಿಂಬಂ, ಸತ್ಯಮಂಗಲದ ದಾರಿ ಸುಮಾರು 200 ಕಿ.ಮೀ.; ದಿಂಬಂ ಘಾಟಿಯಲ್ಲೇ 27 ಹೇರ್‌ಪಿನ್ ತಿರುವುಗಳಿವೆ. ಹುಲಿ ಮೀಸಲು ಪ್ರದೇಶವಾದ್ದರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧಗಳೂ ಇವೆ. ಹೊರಡುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಮಂಡ್ಯ ಕಡೆಯವರಿಗೆ ಬೇರೆ ತಾಪತ್ರಯ. ಕಬ್ಬು ಸಾಗಿಸುವ ಕಾಲದಲ್ಲಿ ಊರೊಳಗಿನ ರಸ್ತೆಗಳಲ್ಲಿ ಎತ್ತಿನ ಲಾಳದ ಮೊಳೆ ಬಿದ್ದಿರುತ್ತವೆ. ಮೆದು ರಬ್ಬರ್ ಅವನ್ನು ಬೇಗ ಹೆಕ್ಕಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹೊರಗಿನಿಂದ ತುರುಕುವ ಸ್ಟ್ರಿಪ್ ಹಾಕಿಸಿದ ಟೈರನ್ನು ಟ್ರ್ಯಾಕಿಗೆ ತರಬೇಡಿ.

ಇನ್ನೊಂದು ಎಚ್ಚರ, ಇದನ್ನು ಮರೆಯುವವರೇ ಹೆಚ್ಚು. ಟ್ರ್ಯಾಕಿನಲ್ಲಿ ಬಿಸಿಯಿರುವಾಗ 36ಕ್ಕೆ ಇಳಿಸಿದ ಟೈರ್ ಸಂಜೆ ತಣ್ಣಗಾದಾಗ 27–28ಕ್ಕೆ ಕುಸಿದಿರುತ್ತದೆ. ಹಾಗೆಯೇ ಸಾಮಾನು ತುಂಬಿ ಹೆದ್ದಾರಿಗೆ ಇಳಿದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಟೈರ್ ಸಿಡಿಯಬಹುದು. ಹೊರಡುವ ಮುನ್ನ ಬಾಗಿಲ ಚೀಟಿಯ ಅಂಕಿಗೆ ಮತ್ತೆ ತುಂಬಿಸಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಪಂಪ್ ಡಿಕ್ಕಿಯಲ್ಲಿರಲಿ.

ಟೈರ್ ಮೇಲೆ ರಬ್ಬರಿನ ಉಂಡೆಗಳು ಅಂಟಿಕೊಂಡಿವೆ. ಹಾಳಾಯಿತೇ?

ಇಲ್ಲ. ಅವು ಬೇರೆಯವರ ಟೈರಿನಿಂದ ಉದುರಿದ ಚೂರುಗಳು. ಓಡುವ ಗೆರೆಯ ಹೊರಗೆ ಬಿದ್ದಿರುತ್ತವೆ, ಪಿಟ್‌ಗೆ ಬರುವಾಗ ಬಿಸಿ ಟೈರಿಗೆ ಅಂಟುತ್ತವೆ. ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಹೋದರೆ ಕಳಚುತ್ತವೆ. ಚಿಂತೆ ಮಾಡಬೇಕಾದ್ದು ಮೇಲ್ಮೈಯಲ್ಲಿ ಬೊಬ್ಬೆಯಂಥ ಗುಳಿಗಳು ಕಂಡಾಗ: ಒಳಗಿನ ರಬ್ಬರ್ ಅತಿಯಾಗಿ ಕಾದಿದೆ ಎಂದರ್ಥ.

ಎರಡು ಟ್ರ್ಯಾಕ್ ದಿನಗಳ ನಡುವೆ ಟೈರ್ ಎಲ್ಲಿ ಇಡಬೇಕು?

ತಂಪಾದ, ಕತ್ತಲೆಯ ಜಾಗದಲ್ಲಿ. ಮೈಸೂರಿನ ಹವೆ ಟೈರಿಗೆ ಹಿತವಾದದ್ದೇ, ಆದರೆ ತಾರಸಿಯ ಬಿಸಿಲಿನಲ್ಲಿಟ್ಟರೆ ಆ ಪುಣ್ಯ ವ್ಯರ್ಥ. ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕಪ್ಪು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ. ಬೋರ್‌ವೆಲ್ ಮೋಟಾರ್, ವೆಲ್ಡಿಂಗ್ ಯಂತ್ರ ಇರುವ ಕೋಣೆ ಬೇಡ: ಕಿಡಿ ಹಾರುವ ಕಡೆ ಓಝೋನ್ ಹುಟ್ಟುತ್ತದೆ, ಅದು ರಬ್ಬರನ್ನು ಬಿರುಕು ಬಿಡಿಸುತ್ತದೆ. ರಿಮ್ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ, ಬರೀ ಟೈರ್ ಆದರೆ ನಿಲ್ಲಿಸಿಡಿ. ಹೊಳಪಿನ ಪಾಲಿಶ್ ಹಚ್ಚಬೇಡಿ.

ಹಳೆಯ ದಾಸ್ತಾನಿನ ಟೈರ್ ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಲೇ?

ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 1523 ಎಂದಿದ್ದರೆ 2023ರ 15ನೇ ವಾರದಲ್ಲಿ ತಯಾರಾದದ್ದು. ಬಿಸಿಲಿಗೆ ಬೀಳದ ಗೋದಾಮಿನಲ್ಲಿದ್ದ ಒಂದೆರಡು ವರ್ಷದ ಟೈರ್ ಕೊಳ್ಳಬಹುದು. ಐದಾರು ವರ್ಷದ್ದು ಬೇಡ. ಗೀರು ಎಷ್ಟೇ ಇರಲಿ, ರಬ್ಬರ್ ಗಟ್ಟಿಯಾಗಿರುತ್ತದೆ.

ರಿಟ್ರೆಡ್ ಮಾಡಿಸಿದರೆ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಕೂರಿಸಿದರೆ)?

ಲಾರಿಗೆ ಚಿನ್ನದಂಥ ಉಪಾಯ. ಟ್ರ್ಯಾಕಿಗೆ ಖಂಡಿತ ಬೇಡ.

ಯಾವಾಗ ಎಸೆಯಬೇಕು?

ಗೀರುಗಳ ಒಳಗಿನ ಸವೆತದ ಗುರುತು 1.6 ಮಿ.ಮೀ. ಎತ್ತರದ್ದು. ರಬ್ಬರ್ ಆ ಮಟ್ಟಕ್ಕೆ ಬಂದರೆ ರಸ್ತೆಗೆ ಅದು ಮುಗಿಯಿತು. ಟ್ರ್ಯಾಕಿನಲ್ಲಿ ನೋಡಬೇಕಾದ್ದು ಅಂಚನ್ನು, ಅದರಲ್ಲೂ ಕಾರಿನಡಿ ಬಗ್ಗದೆ ಕಾಣಿಸದ ಒಳ ಅಂಚನ್ನು. ಪ್ರತಿ ಸರದಿಯ ಬಳಿಕ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಾಕಿ, ಬಿಸಿ ಆರಿದ ಮೇಲೆ ಕೈಯಿಂದ ಸವರಿ. ಬಟ್ಟೆಯ ನೂಲಿನಂಥ ಎಳೆಯೋ ತಂತಿಯ ತುದಿಯೋ ಕಂಡರೆ ಆ ಟೈರಿನಲ್ಲಿ ಇನ್ನೊಂದು ಸುತ್ತೂ ಇಲ್ಲ. ನಡುಭಾಗ ಎಷ್ಟೇ ಚೆನ್ನಾಗಿ ಕಂಡರೂ ಇಲ್ಲ. ಅದನ್ನು ಪಿಟ್‌ನಲ್ಲೇ ಬಿಚ್ಚಿ, ಮನೆಗೆ ಹೋಗಲು ಬೇರೆ ಟೈರ್ ಹಾಕಿಕೊಳ್ಳಿ.